ಬಾಲವಿಲ್ಲದ ಸಾಲು

ಪ್ರೊಫೆಸರ್ ಮುಗೆರ್ವ ಕುಂಡದಲ್ಲಿ ಸೊರಗಿ ನಿಂತಿದ್ದ ಬಾಳೆಗಿಡವನ್ನು ಒಂದೇ ಏಟಿಗೆ ಕಡಿದರು. ಕಡಿದ ಜಾಗದಲ್ಲಿ ಹಳದಿ ಕೀವು ಮೆಲ್ಲಗೆ ಒಸರಿತು. ಪ್ರಯೋಗದ ಗಿಡಗಳನ್ನಿಟ್ಟ ಬಲೆಮನೆಯೊಳಗೆ ಬೆವರುತ್ತ ನಿಂತಿದ್ದ ಅತಿಥಿಗಳು ಮೂಗು ಮುಚ್ಚಿಕೊಂಡು ಹತ್ತಿರ ಬಂದರು.

"ನಮ್ಮ ಮಟೋಕೆ ಬಾಳೆತೋಟಗಳನ್ನ ತಿಂದು ಹಾಕಿದ ಬ್ಯಾಕ್ಟೀರಿಯಾ ಇದೇ. ಇದಕ್ಕೊಂದು ಬಾಲ ಇದೆ. ಬಾಲ ಬಡೀತಾ ಗಿಡದೊಳಗೆಲ್ಲ ಈಜುತ್ತೆ. ನನ್ನ ವಿದ್ಯಾರ್ಥಿನಿ ನಲ್ವೋಗ ಆ ಬಾಲ ಹುಟ್ಟಿಸೋ ಜೀನನ್ನೇ ಕಿತ್ತು ಹಾಕಿದಾಳೆ. ಬಾಲವಿಲ್ಲದ್ದನ್ನ ಚುಚ್ಚಿರೋದು ಆ ಪಕ್ಕದ ಸಾಲಿಗೆ. ನೋಡಿ, ಹೇಗಿದೆ ಹಸಿರಾಗಿ!"

ಅನುದಾನ ಸಮಿತಿಯ ಅಧ್ಯಕ್ಷರಾದ ಹಾಜಿ ಕಿಬೂಕ ಅಷ್ಟಕ್ಕೆ ಒಪ್ಪುವವರಲ್ಲ. "ಹೊರಗೆ ಹಸಿರು, ಸರಿ. ಒಳಗೆ?"

"ಅದನ್ನೂ ಕಡಿದು ತೋರಿಸ್ತೀನಿ, ಬನ್ನಿ."

ನಲ್ವೋಗ ಅವರ ಕೈಯತ್ತ ನೋಡಿದಳು. ಅದೇ ಕತ್ತಿ. ಕೀವು ಇನ್ನೂ ಅಲಗಿನ ಮೇಲೆ ಹೊಳೆಯುತ್ತಿದೆ. ಅದು ಆ ಸಾಲಿಗೆ ತಗುಲಿದರೆ ಬಾಲವಿದ್ದದ್ದು ಬಾಲವಿಲ್ಲದ್ದರ ಮನೆಗೆ ನುಗ್ಗಿದ ಹಾಗೆ. ಮುಂದಿನ ತಿಂಗಳು ಪರೀಕ್ಷಕರು ಬರುವ ಹೊತ್ತಿಗೆ ಎಲೆ ಹಳದಿಯಾಗಿ, ಎರಡು ವರ್ಷದ ಕೆಲಸವೇ ಸುಳ್ಳೆನಿಸುತ್ತದೆ.

"ಸ್ಸೆಬೊ, ಕತ್ತಿ..." ಎಂದು ಗುರುಗಳನ್ನು ಗೌರವದಿಂದ ಕರೆದಳು.

"ಹೆದರಬೇಡಮ್ಮ, ನಾನು ಬಾಳೆತೋಟದಲ್ಲೇ ಹುಟ್ಟಿದವನು," ಎಂದು ಪ್ರೊಫೆಸರ್ ನಕ್ಕರು.

ಇನ್ನು ಬಿಡಿಸಿ ಹೇಳುವುದಾದರೂ ಹೇಗೆ? ಒಂದು ಗಿಡ ಮುಟ್ಟಿದ ಕತ್ತಿಯನ್ನು ಬೆಂಕಿಗೆ ಹಿಡಿಯದೆ ಇನ್ನೊಂದನ್ನು ಮುಟ್ಟಬೇಡಿ ಎಂದು ಊರೂರಿನ ರೈತರನ್ನು ಗದರುತ್ತ ತಿರುಗಿದವರೇ ಇವರು. ದೊಡ್ಡವರ ಎದುರು ಅವರ ಮಾನ ತೆಗೆಯಲು ಅವಳಿಗೆ ಬಾಯಿ ಬರಲಿಲ್ಲ. ಓಡಿಹೋಗಿ, ಎರಡು ಸಾಲು ಕುಂಡಗಳ ನಡುವಿನ ಇಕ್ಕಟ್ಟಾದ ದಾರಿಗೆ ಅಡ್ಡವಾಗಿ ಮಂಡಿಯೂರಿ ತಲೆ ತಗ್ಗಿಸಿದಳು.

"ಏನಿದು? ಇಲ್ಲಿ ಹಿರಿಯರಿಗೆ ಮಂಡಿಯೂರೋ ಪದ್ಧತಿ ಬೇಡ ಅಂತ ಹೇಳಿದ್ದೆನಲ್ಲ. ಏಳು, ದಾರಿ ಬಿಡು."

ನಲ್ವೋಗ ಕದಲಲಿಲ್ಲ.

ಹಾಜಿಯವರ ಮುಖ ಅರಳಿತು. "ಬಯ್ಯಬೇಡಿ, ಪ್ರೊಫೆಸರ್! ಇಷ್ಟು ಓದಿದ ಹುಡುಗಿ, ಎಂಥ ವಿನಯ! ನಮ್ಮನೇಲೂ ಇದಾರೆ ಮೂವರು ಸೊಸೆಯಂದಿರು. ಒಬ್ಬಳಿಗೂ ಮಂಡಿ ಮಡಚೋದೇ ಇಲ್ಲ."

ಎಬ್ಬಿಸಲೆಂದು ಪ್ರೊಫೆಸರ್ ಬಗ್ಗಿದರು. ಅವಳು ತಲೆಯೆತ್ತದೆ ಪಿಸುಗುಟ್ಟಿದಳು: "ಕೀವು ಇನ್ನೂ ಕತ್ತಿ ಮೇಲಿದೆ, ಸ್ಸೆಬೊ."

ಪ್ರೊಫೆಸರ್ ಅಲಗು ನೋಡಿದರು. ಹಸಿರು ಸಾಲು ನೋಡಿದರು. ಆಮೇಲೆ ಕತ್ತಿ ಹಿಡಿದ ಕೈಯನ್ನು ಮೆಲ್ಲನೆ ಬೆನ್ನ ಹಿಂದಕ್ಕೆ ಒಯ್ದರು.

"ಏನಂತೆ ಹುಡುಗೀದು?" ಹಾಜಿ ಕೇಳಿದರು.

"ಗಿಡ ಕಡೀಬೇಡಿ ಅಂತ ಕೇಳ್ಕೊಳ್ತಿದಾಳೆ."

"ಪಾಪ, ಮಕ್ಕಳ ಹಾಗೆ ಸಾಕಿರಬೇಕು. ಬಿಟ್ಟುಬಿಡಿ. ಆದ್ರೆ ನನಗೊಂದು ಅನುಮಾನ. ಗಿಡದೊಳಗೆ ಓಡಾಡೋಕೆ ಬಾಲ ಬೇಕು ಅಂದ್ರಿ. ಸರಿ, ಈ ಗಿಡದಿಂದ ಆ ಗಿಡಕ್ಕೆ ಹೋಗೋಕೆ ಅದಕ್ಕೆ ಏನು ಬೇಕು? ರೆಕ್ಕೆಯಾ?"

ಪ್ರೊಫೆಸರ್ ಇನ್ನೂ ಏಳದೆ ಕುಳಿತಿದ್ದ ಶಿಷ್ಯೆಯ ಕಡೆ ಒಮ್ಮೆ ನೋಡಿದರು.

"ಏನೂ ಬೇಡ, ಹಾಜಿ," ಎಂದರು. "ನನ್ನಂಥ ಒಬ್ಬ ಪ್ರೊಫೆಸರ್ ಸಾಕು."