ಪಕ್ಕದ ಸೀಟು

ಸೇನೆಯಿಂದ ನಿವೃತ್ತನಾದ ಮೈದುನ ಕಟ್ಟುತ್ತಿದ್ದ ಪುಟ್ಟ ಮಾದರಿ ಹೆಲಿಕಾಪ್ಟರಿನೊಳಗೆ ಅತ್ತಿಗೆ ಕೊನೆಯ ಬೊಂಬೆಯನ್ನು ಚಿಮಟದಲ್ಲಿ ಹಿಡಿದು ಅಂಟಿಸಿ ಕೂರಿಸಿದಳು. ಅದು ಮೈದುನನದೇ ಬೊಂಬೆ. ಅದರ ಪಕ್ಕದ ಸೀಟು ಖಾಲಿ ಉಳಿಯಿತು.

“ಒಂದು ಬೊಂಬೆ ಕಮ್ಮಿ ಬಿದ್ದಿದೆ ನೋಡಪ್ಪ.”

“ಇಲ್ಲ ಅತ್ತಿಗೆ, ಸರಿಯಾಗಿದೆ,” ಎಂದ ಅವನು, ಬಾಲಕ್ಕೆ ಹಸಿರು ಬಳಿಯುತ್ತ. “ಅವತ್ತು ಅದು ಖಾಲಿನೇ ಇತ್ತು.”

ಅವನಿಗೆ ಎಲ್ಲವೂ ಅವತ್ತಿದ್ದ ಹಾಗೇ ಬರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಕೂಡದು. ಬಾಗಿಲ ಮೇಲಿನ ಗೀರು, ಗಾಜಿನ ಬಿರುಕು, ಕೆಳಗೆ ಮಣ್ಣಿನ ದಿಬ್ಬದ ಮೇಲೆ ಕೈಯೆತ್ತಿ ನಿಂತ ಅಣ್ಣ, ಒಂದನ್ನೂ ಬಿಟ್ಟಿರಲಿಲ್ಲ. ಮನೆಗೆ ಮರಳದ ಆ ಗಂಡನ ಮೀಸೆಯನ್ನು ಅತ್ತಿಗೆ ಉಸಿರು ಬಿಗಿಹಿಡಿದು ತಾನೇ ತಿದ್ದಿದ್ದಳು.

“ಕಾಲಿಡೋಕೂ ಜಾಗ ಇರಲಿಲ್ಲ, ಅದಕ್ಕೇ ಅಣ್ಣನ್ನ ಬಿಟ್ಟು ಬಂದ್ವಿ ಅಂತ ನೀನೇ ಅಂದಿದ್ದೆ.”

ಕುಂಚ ನಿಂತಿತು. “ಗುಂಡು ಹಾರ್ತಿತ್ತು ಅತ್ತಿಗೆ. ಇನ್ನು ಕಾಯೋದು ಬೇಡ, ಮೇಲೇರಿಸು ಅಂತ ನಾನೇ ಪೈಲಟ್‌ಗೆ ಹೇಳ್ದೆ.”

ಪಾಪ, ನೀನಾದರೂ ಏನು ಮಾಡ್ತಿದ್ದೆ ಎಂದು ಇಷ್ಟು ವರ್ಷ ಅವನಿಗೇ ಸಮಾಧಾನ ಹೇಳುತ್ತ ಬಂದವಳು ಅವಳು.

ಅಂಟು ಇನ್ನೂ ಹಸಿಯಾಗಿತ್ತು. ಅವಳು ಚಿಮಟ ಎತ್ತಿಕೊಂಡು ಮೈದುನನ ಬೊಂಬೆಯನ್ನು ಸೀಟಿನಿಂದ ಕಿತ್ತು, ದಿಬ್ಬದ ಮೇಲೆ ಗಂಡನ ಕಾಲ ಬಳಿ ಕೂರಿಸಿದಳು.

“ಜಾಗ ಇರಲಿಲ್ಲ ಅಂತ ಈಗ ಅವರಿಗೆ ಹೇಳು.”