ಇನ್ನೊಂದು ಮುದ್ದೆ

ಬೊಜ್ಜು ಕರಗಲೆಂದು ಆಪರೇಷನ್ ಮಾಡಿಸಿ ಹೊಟ್ಟೆ ಚಿಕ್ಕದು ಮಾಡಿಸಿಕೊಂಡ ಮೇಲೆ ಬೈರಣ್ಣನಿಗೆ ನಾಲ್ಕು ತುತ್ತೇ ಹೆಚ್ಚು. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವನನ್ನು, ಜಗಳವಾಡಿ ಮಾತು ಬಿಟ್ಟಿದ್ದ ತಂಗಿ ಚನ್ನಾಜಮ್ಮ ಊಟಕ್ಕೆ ಕರೆದಳು. ಓಡಿ ಬಂದ.

ಅರ್ಧ ಮುದ್ದೆಗೇ ಅವನ ಕೈ ನಿಂತಿತು.

"ಯಾಕಣ್ಣ? ಎರಡು ನುಂಗಿ ಮೂರನೇದಕ್ಕೆ ತಟ್ಟೆ ಒಡ್ತಿದ್ದೋನು! ಇನ್ನೂ ಸಿಟ್ಟು ಹೋಗಿಲ್ವಾ?"

"ಯಾವ ಸಿಟ್ಟು ಕಣವ್ವ? ಇಕ್ಕು ಇನ್ನೊಂದು."

ಅವಳು ಕಣ್ಣೊರೆಸಿಕೊಂಡು ಇಕ್ಕಿದಳು. ಅವನು ತಟ್ಟೆ ಬಳಿದು ಉಂಡ. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಎಲ್ಲವನ್ನೂ ಕಾರಿಕೊಂಡ.

ನೀರಿನ ಚೊಂಬು ಹಿಡಿದು ಹಿಂದೆಯೇ ಬಂದಿದ್ದ ತಂಗಿ ಅಲ್ಲೇ ನಿಂತಳು.

"ನಾನಿಕ್ಕಿದ್ದು ಅಷ್ಟೊಂದು ಹೇಸಿಗೆಯಾಯ್ತಾ ನಿಂಗೆ?"

ನಿಜ ಹೇಳಲು ಬಾಯಿ ತೆರೆದ. ಮತ್ತೆ ವಾಂತಿಯೇ ಬಂತು.