ಕೊನೆಯ ಲೋಟ

ಮೇಲಿನ ಮನೆಗೆ ಹೊಸದಾಗಿ ಬಂದ ಹೆಂಗಸು ಕೆಳಗಿನ ಮನೆಯ ವೃದ್ಧ ದಂಪತಿಯ ಬಾಗಿಲಲ್ಲೇ ಬೆರಗಾಗಿ ನಿಂತಳು. ಹಜಾರದಲ್ಲಿ ಎರಡು ಕುರ್ಚಿಗಳ ಹೊರತು ಏನೂ ಇರಲಿಲ್ಲ. ಗೋಡೆಗಳಲ್ಲಿ ಮೊಳೆಗಳೂ ಉಳಿದಿರಲಿಲ್ಲ.

"ಕಡಿಮೆ ಸಾಮಾನಿದ್ರೆ ನೆಮ್ಮದಿ ಅಂತ ಎಲ್ಲರೂ ಹೇಳ್ತಾರೆ ಸಾರ್, ಮಾಡಿ ತೋರಿಸಿದವರು ನೀವೇ! ನಮ್ಮೆಜಮಾನ್ರು ಮುರಿದ ಛತ್ರಿ ಕಡ್ಡೀನೂ ಬಿಸಾಡೋಕೆ ಬಿಡಲ್ಲ."

ವೃದ್ಧರು ಅವಳ ಕೈಗೊಂದು ಸ್ಟೀಲ್ ಲೋಟವನ್ನಿಟ್ಟರು. "ಇದೊಂದು ಉಳಿದಿತ್ತು. ತಗೊಂಡು ಹೋಗಿಬಿಡಮ್ಮ."

ಲೋಟದ ಮೇಲೆ 'ಚಿ. ಪ್ರದ್ಯುಮ್ನ' ಎಂದು ಕೆತ್ತಲಾಗಿತ್ತು.

"ನಾಮಕರಣದ ಲೋಟ ಅಲ್ವಾ? ಇದನ್ನೂ ಕೊಡ್ತೀರಾ?"

ಅವರು ದನಿ ತಗ್ಗಿಸಿದರು. "ಮಗ ತೀರಿಹೋದದ್ದು ನನ್ನ ಹೆಂಡತಿಗೆ ನೆನಪಲ್ಲಿ ನಿಲ್ಲಲ್ಲ. ಅವನ ವಸ್ತು ಕಂಡಾಗಲೆಲ್ಲ ಅವನೆಲ್ಲಿ ಅಂತಾಳೆ. ನಾನು ಹೇಳ್ಬೇಕು. ಪ್ರತಿ ಸಲಾನೂ ಈಗಷ್ಟೇ ಹೋದ ಹಾಗೆ ಅಳ್ತಾಳೆ."

ಅವಳು ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲೇರಿದಳು.

ಹೆಂಡತಿ ಒಳಗಿನಿಂದ ಬಂದು ಎದುರಿನ ಕುರ್ಚಿಯಲ್ಲಿ ಕುಳಿತರು. ಬರಿದಾದ ಗೋಡೆಗಳನ್ನು ಒಂದು ಸುತ್ತು ನೋಡಿದರು, ಏನೂ ಕೇಳಲಿಲ್ಲ. ವೃದ್ಧರು ಬಹಳ ದಿನಗಳ ಮೇಲೆ ನಿರಾಳವಾಗಿ ಉಸಿರುಬಿಟ್ಟರು.

ಆಗ ಆಕೆ ಕೈಚಾಚಿ ಗಂಡನ ಗದ್ದವನ್ನು ಮುಟ್ಟಿದರು.

"ರೀ, ಈ ಗುಳಿ ಥೇಟ್ ನಮ್ಮ ಪ್ರದ್ಯುಮ್ನಂದೇ. ಎಲ್ಲಿ ಹೋದ ಅವನು, ಇನ್ನೂ ಬಂದಿಲ್ವಲ್ಲ?"